ಒಂದೇ ಗೋಲಿನಲ್ಲಿ ಸೋಲುವ ಇರಾನ್

2012ರಲ್ಲಿ ಕೊಲಂಬಿಯಾ ವಿರುದ್ಧ 1-2. 2016ರಲ್ಲಿ ರಷ್ಯಾ ವಿರುದ್ಧ 3-4. 2021ರಲ್ಲಿ ಕಜಾಕಸ್ತಾನದ ವಿರುದ್ಧ 2-3. 2024ರಲ್ಲಿ ಮೊರಾಕ್ಕೊ ವಿರುದ್ಧ 3-4.

2012ರಿಂದ 2024ರ ತನಕ ನಡೆದ ನಾಲ್ಕು ಫುಟ್ಸಾಲ್ ವಿಶ್ವಕಪ್‌ಗಳ ನಾಕೌಟ್ ಹಂತದಲ್ಲಿ ಇರಾನ್ ಸೋತ ಪಂದ್ಯಗಳು ಈ ನಾಲ್ಕೇ. ನಾಲ್ಕರಲ್ಲೂ ಅಂತರ ಒಂದು ಗೋಲು. ಇದೇ ಇರಾನ್ ಏಷ್ಯಾದಲ್ಲಿ ಏನು ಮಾಡಿದೆ ಗೊತ್ತಾ? 1999ರಿಂದ 2024ರ ತನಕ 17 ಸಲ ಫುಟ್ಸಾಲ್ ಏಷ್ಯಾ ಕಪ್ ನಡೆದಿದೆ. ಅದರಲ್ಲಿ 13 ಇರಾನ್ ಮನೆಗೆ ಹೋಗಿವೆ. ಉಳಿದ ನಾಲ್ಕು ಜಪಾನ್‌ಗೆ. ಆ 25 ವರ್ಷಗಳಲ್ಲಿ ಮೂರನೇ ದೇಶವೊಂದು ಏಷ್ಯಾದ ಕಪ್ ಮುಟ್ಟಲೇ ಇಲ್ಲ.

ಒಂದು ಗೋಲಿನ ಸೋಲು ಒಮ್ಮೆ ಆದರೆ ದುರದೃಷ್ಟ ಅನ್ನಬಹುದು. ನಾಲ್ಕು ಸಲ ಆದಾಗ ಬೇರೆ ಏನೋ ಇದೆ. ನನ್ನ ಲೆಕ್ಕದಲ್ಲಿ ಆ ಬೇರೆ ಏನೋ ಇರುವುದು ವಿಶ್ವಕಪ್ ಅಂಕಣದಲ್ಲಲ್ಲ, ಏಷ್ಯಾದಲ್ಲಿ. ಇರಾನ್‌ಗೆ ಮನೆಯಲ್ಲಿ ಗೆಲುವು ಸಲೀಸಾಗಿ ಸಿಗುತ್ತದೆ, ಕಷ್ಟದ ಪಂದ್ಯ ಸಿಗುವುದಿಲ್ಲ.

ಮೊದಲು ಆಟದ ಬಗ್ಗೆ ಒಂದಿಷ್ಟು ಹೇಳಿಬಿಡುತ್ತೇನೆ. ಫುಟ್ಸಾಲ್ ಅಂದರೆ ಒಳಾಂಗಣದಲ್ಲಿ, ಗಟ್ಟಿ ನೆಲದ ಮೇಲೆ ಆಡುವ ಐವರ ಫುಟ್‌ಬಾಲ್. ಉರುಗ್ವೆಯ ಮಾಂಟೆವಿಡಿಯೊದಲ್ಲಿ 1930ರಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕ ಇದನ್ನು ರೂಪಿಸಿದರು. ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಚೆಂಡು ಚಿಕ್ಕದು, ಹೆಚ್ಚು ಪುಟಿಯುವುದಿಲ್ಲ. 20 ನಿಮಿಷಗಳ ಎರಡು ಅವಧಿ. ಚೆಂಡು ಹೊರಗೆ ಹೋದರೆ ಗಡಿಯಾರವೂ ನಿಲ್ಲುತ್ತದೆ. ಹಾಗಾಗಿ ಕೊನೆಯಲ್ಲಿ ಸುಮ್ನೆ ನೆಲದ ಮೇಲೆ ಬಿದ್ದು ಸಮಯ ಕಳೆಯುವ ನಾಟಕ ಇಲ್ಲಿ ನಡೆಯುವುದಿಲ್ಲ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಚೆಂಡನ್ನು ಮತ್ತೆ ಆಟಕ್ಕೆ ತರಲು ನಾಲ್ಕೇ ಸೆಕೆಂಡ್. ಒಂದು ಅವಧಿಯಲ್ಲಿ ತಂಡದ ಫೌಲ್‌ಗಳು ಐದು ದಾಟಿದರೆ, ಆರನೆಯದರಿಂದ ಎದುರಾಳಿಗೆ ಆಟಗಾರರ ಅಡ್ಡಗೋಡೆ ಇಲ್ಲದ ಫ್ರೀ ಕಿಕ್.

ಇನ್ನೊಂದು ತಂತ್ರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹಿಂದೆ ಬಿದ್ದ ತಂಡ ಕೊನೆಯ ನಿಮಿಷಗಳಲ್ಲಿ ಗೋಲ್‌ಕೀಪರ್‌ನನ್ನು ಹೊರಗೆ ಕರೆದು, ಅವನ ಜಾಗಕ್ಕೆ ಒಬ್ಬ ಮಾಮೂಲಿ ಆಟಗಾರನನ್ನು ಇಳಿಸುತ್ತದೆ. ಆಗ ದಾಳಿಯಲ್ಲಿ ಐವರು, ತಡೆಯಲು ನಾಲ್ವರು. ಚೆಂಡು ಕೈತಪ್ಪಿದರೆ ಮಾತ್ರ ಹಿಂದೆ ಖಾಲಿ ಗೋಲು. ಇದಕ್ಕೆ ಪವರ್ ಪ್ಲೇ ಅನ್ನುತ್ತಾರೆ. ಸಮಬಲದ ಪಂದ್ಯಗಳು ತೀರ್ಮಾನವಾಗುವುದು ಹೆಚ್ಚಾಗಿ ಇಲ್ಲೇ.

ಇರಾನ್ ಈ ಆಟದಲ್ಲಿ ಇಷ್ಟು ಮುಂದೆ ಹೋಗಿದ್ದಕ್ಕೆ ಬೀದಿಯೇ ಮೊದಲ ಕಾರಣ. ಟೆಹ್ರಾನ್, ಇಸ್ಫಹಾನ್, ತಬ್ರೀಜ್‌ನ ಓಣಿಗಳಲ್ಲಿ ಹುಡುಗರು ಆಡುವ ಪುಟ್ಟ ಗೋಲಿನ ಫುಟ್‌ಬಾಲ್‌ಗೆ ‘ಗೋಲ್ ಕೂಚಿಕ್’ ಎಂದು ಹೆಸರು. ಅಗ್ಗದ ಪ್ಲಾಸ್ಟಿಕ್ ಚೆಂಡು ತೀರಾ ಹಗುರ, ಗಾಳಿಗೆ ಹಾರುತ್ತದೆ. ಅದಕ್ಕೇ ಒಂದನ್ನು ಸೀಳಿ ಇನ್ನೊಂದರ ಮೇಲೆ ತೊಡಿಸಿ ಎರಡು ಪದರದ ಚೆಂಡು ಮಾಡಿಕೊಳ್ಳುತ್ತಾರೆ. ಅದು ಭಾರ, ಪುಟಿಯುವುದು ಕಡಿಮೆ. ಅಂದರೆ ಹೆಚ್ಚುಕಡಿಮೆ ಫುಟ್ಸಾಲ್ ಚೆಂಡೇ. ಇಕ್ಕಟ್ಟಾದ ಜಾಗ, ಗಟ್ಟಿ ನೆಲ, ಚಿಕ್ಕ ಗೋಲು. ಈ ಹುಡುಗರು ಫುಟ್ಸಾಲ್ ಹಾಲ್‌ಗೆ ಬರುವ ಹೊತ್ತಿಗೆ ಅರ್ಧ ಪಾಠ ಆಗಲೇ ಮುಗಿದಿರುತ್ತದೆ.

ಉಳಿದರ್ಧವನ್ನು ಕಲಿಸುವುದು ದೇಶದ ಲೀಗ್. ಅಲ್ಲಿನ ಕ್ಲಬ್‌ಗಳ ಹೆಸರು ನೋಡಿದರೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಗೊತ್ತಾಗುತ್ತದೆ. 2010ರಲ್ಲಿ ಏಷ್ಯಾದ ಮೊದಲ ಕ್ಲಬ್ ಚಾಂಪಿಯನ್‌ಷಿಪ್ ಗೆದ್ದ ಫೂಲಾದ್ ಮಹಾನ್ ಉಕ್ಕಿನ ಊರಾದ ಇಸ್ಫಹಾನ್‌ನದು. 2018ರಲ್ಲಿ ಅದೇ ಕಪ್ ಗೆದ್ದ ಮೆಸ್ ಸುಂಗುನ್ ದೇಶದ ವಾಯವ್ಯದ ತಾಮ್ರದ ಗಣಿಯ ತಂಡ. ಫುಟ್‌ಬಾಲ್ ತಂಡ ಸಾಕುವುದಕ್ಕಿಂತ ಫುಟ್ಸಾಲ್ ತಂಡ ಸಾಕುವುದು ಬಹಳ ಅಗ್ಗ. ಕಂಪನಿಗೆ ಹೆಸರು, ಊರಿಗೆ ತಂಡ, ಹುಡುಗರಿಗೆ ಸಂಬಳ. ಏಷ್ಯಾದ ಬೇರೆ ದೇಶಗಳು ಇದನ್ನು ಹವ್ಯಾಸವಾಗಿ ಆಡುತ್ತಿದ್ದ ಕಾಲಕ್ಕೇ ಇರಾನ್‌ನಲ್ಲಿ ಇದು ಹೊಟ್ಟೆಪಾಡಿನ ಕಸುಬಾಗಿತ್ತು.

ಅದರ ಫಲ ಬೇಗ ಸಿಕ್ಕಿತು. 1999ರಿಂದ 2005ರ ತನಕ ಏಷ್ಯಾ ಕಪ್ ಪ್ರತಿವರ್ಷ ನಡೆಯಿತು, ಪ್ರತಿವರ್ಷವೂ ಇರಾನ್ ಗೆದ್ದಿತು. 2001ರಲ್ಲಿ ಸಿಂಗಾಪುರದ ಮೇಲೆ 36-0. ಹೌದು, ಮೂವತ್ತಾರು. ಆ ಕಾಲದ ತಾರೆ ವಹೀದ್ ಶಮ್ಸಾಯಿ ದೇಶಕ್ಕಾಗಿ 390ಕ್ಕೂ ಹೆಚ್ಚು ಗೋಲು ಹೊಡೆದರು ಎಂಬುದು ರೂಢಿಯ ಲೆಕ್ಕ. ಅಂಥ ಲೆಕ್ಕ ನೋಡಿದರೆ ನನಗೆ ಬೆರಗಿನ ಜೊತೆಗೆ ಸ್ವಲ್ಪ ಅನುಮಾನವೂ ಬರುತ್ತದೆ. ಗೋಲಿನ ಮೇಲೆ ಅನುಮಾನವಲ್ಲ, ಎದುರಾಳಿಗಳ ಮೇಲೆ.

ಅನುಮಾನ ಯಾಕೆ ಅಂದರೆ, ಅದೇ ಏಳು ವರ್ಷಗಳ ನಡುವೆ ಎರಡು ವಿಶ್ವಕಪ್ ನಡೆದವು. 2000ದಲ್ಲಿ ಗ್ವಾಟೆಮಾಲಾ, 2004ರಲ್ಲಿ ತೈವಾನ್. ಎರಡರಲ್ಲೂ ಇರಾನ್ ಗುಂಪಿನ ಹಂತದಲ್ಲೇ ಮನೆಗೆ ಬಂತು. 1996ರಲ್ಲೂ ಹೀಗೇ ಆಗಿತ್ತು. ಅದಕ್ಕೂ ಮೊದಲು, 1992ರಲ್ಲಿ ಹಾಂಗ್‌ಕಾಂಗ್‌ನಲ್ಲಿ, ಇನ್ನೂ ಏಷ್ಯಾ ಕಪ್ ಎಂಬುದೇ ಇಲ್ಲದಿದ್ದಾಗ ಇರಾನ್ ನಾಲ್ಕನೇ ಸ್ಥಾನಕ್ಕೆ ಏರಿತ್ತು. ಆ ಟೂರ್ನಿಯಲ್ಲಿ ಅತಿ ಹೆಚ್ಚು ಗೋಲು ಹೊಡೆದವರೂ ಇರಾನ್‌ನ ಸಯೀದ್ ರಜಬಿ. ಅಂದರೆ ಖಂಡದ ಕಪ್‌ಗಳು ಕಪಾಟಿನಲ್ಲಿ ತುಂಬುತ್ತಾ ಹೋದ ಕಾಲದಲ್ಲೇ ಜಗತ್ತಿನ ಎದುರು ಈ ತಂಡ ಹಿಂದೆ ಬಿತ್ತು.

ಫುಟ್ಸಾಲ್ ವಿಶ್ವಕಪ್ ಸುಲಭಕ್ಕೆ ಬಾಗಿಲು ತೆರೆಯುವ ಮನೆಯೂ ಅಲ್ಲ ಬಿಡಿ. 1989ರಿಂದ 2024ರ ತನಕ ಹತ್ತು ಸಲ ನಡೆದಿದೆ. ಬ್ರೆಜಿಲ್ ಆರು, ಸ್ಪೇನ್ ಎರಡು, ಅರ್ಜೆಂಟೀನಾ ಒಂದು, ಪೋರ್ಚುಗಲ್ ಒಂದು. ಅಷ್ಟೇ, ನಾಲ್ಕು ದೇಶ. ಏಷ್ಯಾದ ತಂಡವೊಂದು ಫೈನಲ್ ಆಡಿಯೇ ಇಲ್ಲ.

ಹತ್ತಿರ ಹೋಗಿದ್ದು 2016ರಲ್ಲಿ, ಕೊಲಂಬಿಯಾದಲ್ಲಿ. ಆ ಟೂರ್ನಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗುಂಪಿನಲ್ಲಿ ಇರಾನ್ ಸ್ಪೇನ್ ಕೈಲಿ 5-1ರಿಂದ ಹೊಡೆತ ತಿಂದಿತು. ಅಜರ್‌ಬೈಜಾನ್ ಜೊತೆ 3-3. ಮೊರಾಕ್ಕೊವನ್ನು 5-3ರಿಂದ ಸೋಲಿಸಿ ಹೇಗೋ 16ರ ಘಟ್ಟಕ್ಕೆ ಬಂತು. ಅಲ್ಲಿ ಎದುರಾಗಿದ್ದು ಬ್ರೆಜಿಲ್. ಅಂದರೆ ಫಾಲ್ಕಾವೊ, ಈ ಆಟ ಕಂಡ ದೊಡ್ಡ ಹೆಸರು, ತನ್ನ ಕೊನೆಯ ವಿಶ್ವಕಪ್ ಆಡುತ್ತಿದ್ದವರು. ಇರಾನ್ ಹಿಂದೆ ಬಿದ್ದರೂ ಬಿಡಲಿಲ್ಲ, 4-4 ಮಾಡಿತು. ಪೆನಾಲ್ಟಿಯಲ್ಲಿ ಗೆದ್ದಿತು. ವಿಶ್ವಕಪ್‌ನಲ್ಲಿ ಬ್ರೆಜಿಲ್ ಅಷ್ಟು ಬೇಗ ಹೊರಬಿದ್ದಿದ್ದು ಅದೇ ಮೊದಲು. ಪಂದ್ಯ ಮುಗಿದ ಮೇಲೆ ಇರಾನ್ ಆಟಗಾರರು ತಮ್ಮ ಸಂಭ್ರಮ ಬಿಟ್ಟು ಫಾಲ್ಕಾವೊ ಅವರನ್ನು ಎತ್ತಿ ಗಾಳಿಗೆ ತೂರಿದರು. ಸೋತ ತಂಡದ ತಾರೆಗೆ ಗೆದ್ದವರು ಕೊಟ್ಟ ಬೀಳ್ಕೊಡುಗೆ. ಕ್ರೀಡೆಯಲ್ಲಿ ಇಂಥದ್ದು ಅಪರೂಪ.

ಆಮೇಲೆ ಪರಾಗ್ವೆ ಮೇಲೆ ಹೆಚ್ಚುವರಿ ಸಮಯದಲ್ಲಿ 4-3. ಸೆಮಿಫೈನಲ್‌ನಲ್ಲಿ ರಷ್ಯಾಗೆ ಸೋಲು. ಮೂರನೇ ಸ್ಥಾನದ ಪಂದ್ಯದಲ್ಲಿ ಪೋರ್ಚುಗಲ್ ಜೊತೆ 2-2, ಮತ್ತೆ ಪೆನಾಲ್ಟಿಯಲ್ಲಿ ಗೆಲುವು. ಕಂಚು. ವಿಶ್ವಕಪ್‌ನಲ್ಲಿ ಇರಾನ್‌ನ ದೊಡ್ಡ ಸಾಧನೆ ಇದೇ.

ಈ ಟೂರ್ನಿ ನನ್ನ ವಾದಕ್ಕೆ ಅಡ್ಡ ಬರುತ್ತದೆ ಎಂದು ನೀವು ಹೇಳಬಹುದು. ಮೂರು ಬಿಗಿಯಾದ ನಾಕೌಟ್ ಪಂದ್ಯ ಗೆದ್ದ ತಂಡಕ್ಕೆ ಬಿಗಿ ಪಂದ್ಯದ ಅಭ್ಯಾಸ ಇಲ್ಲ ಅನ್ನುವುದು ಹೇಗೆ? ನಿಜ, ಧೈರ್ಯದ ಕೊರತೆ ಇಲ್ಲಿ ಕಾಣುವುದಿಲ್ಲ. ಅಲಿ ಅಸ್ಗರ್ ಹಸನ್‌ಜಾದೆಯಂಥ ಆಟಗಾರ ಇರುವ ತಂಡಕ್ಕೆ ಪ್ರತಿಭೆಯ ಕೊರತೆಯೂ ಇಲ್ಲ. ಏಷ್ಯಾದ ವರ್ಷದ ಆಟಗಾರ ಪ್ರಶಸ್ತಿಯನ್ನು ಅವರು ಮತ್ತೆ ಮತ್ತೆ ಗೆದ್ದವರು. ಹೊಸೇನ್ ತಯ್ಯೇಬಿ ಪೋರ್ಚುಗಲ್‌ನ ಬೆನ್ಫಿಕಾ, ಸ್ಪೇನ್‌ನ ಪಾಲ್ಮಾದಂಥ ಕ್ಲಬ್‌ಗಳಿಗೆ ಆಡಿದವರು. ಆದರೆ ಆಮೇಲೆ ಏನಾಯಿತು ನೋಡಿ. 2016ರಲ್ಲಿ ಇರಾನ್ ಸೋಲಿಸಿದ ತಂಡಗಳೂ ಇರಾನ್ ಕೂಡ ಅಲ್ಲಿಂದ ಬೇರೆ ಬೇರೆ ದಾರಿ ಹಿಡಿದವು.

ಪೋರ್ಚುಗಲ್ ಎರಡೇ ವರ್ಷದಲ್ಲಿ ಯುರೋಪ್ ಚಾಂಪಿಯನ್ ಆಯಿತು. 2021ರಲ್ಲಿ ಲಿಥುವೇನಿಯಾದಲ್ಲಿ ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಎತ್ತಿತು. 2022ರಲ್ಲಿ ಮತ್ತೆ ಯುರೋಪ್ ಕಪ್. ಕೋಚ್ ಜೋರ್ಜ್ ಬ್ರಾಜ್ 2010ರಿಂದ ಇದ್ದವರೇ. ಮೊರಾಕ್ಕೊದ್ದು ಇನ್ನೂ ಸ್ವಾರಸ್ಯ. 2016ರಲ್ಲಿ ಇರಾನ್‌ಗೆ ಸೋತಾಗ ಅದು ಆಫ್ರಿಕಾದ ಹೊಸ ಚಾಂಪಿಯನ್. ಕೋಚ್ ಹಿಶಾಮ್ ದಗೀಗ್ ಅವರನ್ನು ಬದಲಾಯಿಸಲಿಲ್ಲ. 2020, 2024ರ ಆಫ್ರಿಕಾ ಕಪ್‌ಗಳೂ ಅವರದಾದವು. 2021ರ ವಿಶ್ವಕಪ್‌ನಲ್ಲಿ ಎಂಟರ ಘಟ್ಟ ತಲುಪಿದ ಮೊರಾಕ್ಕೊ ಅಲ್ಲಿ ಬ್ರೆಜಿಲ್‌ಗೆ ಸೋತಿದ್ದು 1-0ರಿಂದ ಮಾತ್ರ. 2024ರಲ್ಲಿ ಉಜ್ಬೆಕಿಸ್ತಾನದಲ್ಲಿ ಅದೇ ಮೊರಾಕ್ಕೊ ಇರಾನ್‌ನ್ನು ಮನೆಗೆ ಕಳಿಸಿತು. ಎಂಟು ವರ್ಷದ ಹಿಂದೆ ಎರಡು ಗೋಲಿನಿಂದ ಸೋತ ತಂಡ ಈಗ ಒಂದು ಗೋಲಿನಿಂದ ಗೆದ್ದಿತು.

ಆದರೆ ಎಲ್ಲಕ್ಕಿಂತ ಹೆಚ್ಚು ಕಣ್ಣು ತೆರೆಸುವುದು ಕಜಾಕಸ್ತಾನ.

2000ದ ಏಷ್ಯಾ ಕಪ್ ಫೈನಲ್‌ನಲ್ಲಿ ಇರಾನ್ ಸೋಲಿಸಿದ್ದು ಕಜಾಕಸ್ತಾನವನ್ನೇ. ಆಗ ಅದು ಏಷ್ಯಾ ಒಕ್ಕೂಟದಲ್ಲಿತ್ತು. 2002ರಲ್ಲಿ ಆ ದೇಶದ ಫುಟ್‌ಬಾಲ್ ಯುರೋಪ್ ಒಕ್ಕೂಟಕ್ಕೆ ಸೇರಿಕೊಂಡಿತು. ಅಲ್ಲಿ ಮೊದಮೊದಲು ಏಟು ತಿಂದಿತು. ಆದರೆ ಪ್ರತಿ ಅರ್ಹತಾ ಟೂರ್ನಿಯಲ್ಲೂ ಗಟ್ಟಿ ಎದುರಾಳಿಗಳು ಸಿಕ್ಕರು. ಅಲ್ಮಾಟಿಯ ಕೈರಾತ್ ಕ್ಲಬ್ 2013 ಮತ್ತು 2015ರಲ್ಲಿ ಯುರೋಪ್‌ನ ಕ್ಲಬ್ ಕಪ್ ಗೆದ್ದಿತು. 2016ರಲ್ಲಿ ರಾಷ್ಟ್ರೀಯ ತಂಡಕ್ಕೆ ಯುರೋಪ್‌ನ ಕಂಚು. 2021ರ ವಿಶ್ವಕಪ್‌ನ ಎಂಟರ ಘಟ್ಟದಲ್ಲಿ ಇರಾನ್ ಎದುರು 3-2.

ಬ್ರೆಜಿಲ್‌ನಲ್ಲಿ ಹುಟ್ಟಿದವರಿಗೆ ಪೌರತ್ವ ಕೊಟ್ಟು ಕಟ್ಟಿದ ತಂಡ ಎಂದು ಇದನ್ನು ಮೂದಲಿಸುವವರು ಇದ್ದಾರೆ. ಮಾತಿನಲ್ಲಿ ಹುರುಳಿದೆ. ಹಿಗೀತಾ ಎಂದೇ ಹೆಸರಾದ ಗೋಲ್‌ಕೀಪರ್ ಬ್ರೆಜಿಲ್ ಮೂಲದವರು. ಅವರು ಗೋಲಿನಲ್ಲಿ ನಿಲ್ಲುವುದೇ ಕಡಿಮೆ, ಪಂದ್ಯವಿಡೀ ಮಧ್ಯರೇಖೆ ದಾಟಿ ಬಂದು ಚೆಂಡು ಹಂಚುತ್ತಾರೆ. ಮೇಲೆ ಹೇಳಿದ ಪವರ್ ಪ್ಲೇ ನೆನಪಿದೆಯಲ್ಲ? ಬೇರೆಯವರು ಕೊನೆಯ ಮೂರು ನಿಮಿಷಕ್ಕೆ ಉಳಿಸಿಕೊಳ್ಳುವ ಆ ಐವರ ದಾಳಿಯನ್ನು ಇವರು ಯಾವಾಗ ಬೇಕಾದರೂ ಮಾಡುತ್ತಾರೆ, ಅದೂ ನಿಜವಾದ ಕೀಪರ್‌ನನ್ನು ಹೊರಗೆ ಕಳಿಸದೆ. ಇಂಥ ತಂಡವನ್ನು ಎದುರಿಸುವುದನ್ನು ವಿಡಿಯೊ ನೋಡಿ ಕಲಿಯಲು ಆಗುವುದಿಲ್ಲ. ಮತ್ತೆ ಮತ್ತೆ ಆಡಬೇಕು. ಯುರೋಪ್‌ನ ತಂಡಗಳು ಆಡುತ್ತವೆ. ಇರಾನ್‌ಗೆ ಅಂಥವರು ಸಿಗುವುದು ನಾಲ್ಕು ವರ್ಷಕ್ಕೊಮ್ಮೆ, ಅದೂ ನಾಕೌಟ್‌ನಲ್ಲಿ.

ಏಷ್ಯಾದ ಕ್ಯಾಲೆಂಡರ್ ತೆಳ್ಳಗಿದೆ. ಏಷ್ಯಾ ಕಪ್ 2008ರ ತನಕ ಪ್ರತಿವರ್ಷ ಇತ್ತು, ಆಮೇಲೆ ಎರಡು ವರ್ಷಕ್ಕೊಮ್ಮೆ ಆಯಿತು. ತುರ್ಕಮೆನಿಸ್ತಾನದಲ್ಲಿ ನಡೆಯಬೇಕಿದ್ದ 2020ರ ಟೂರ್ನಿ ಕೋವಿಡ್‌ನಿಂದ ರದ್ದಾಯಿತು. 2021ರ ವಿಶ್ವಕಪ್‌ಗೆ ಹೋಗುವ ಏಷ್ಯಾದ ತಂಡಗಳಲ್ಲಿ ಮೂರನ್ನು ಹಳೆಯ ಸಾಧನೆ ನೋಡಿಯೇ ಆರಿಸಿದರು. ಇರಾನ್ ಕೂಡ ಹಾಗೇ ಹೋಯಿತು, 2018ರ ನಂತರ ಏಷ್ಯಾದಲ್ಲಿ ಒಂದೂ ದೊಡ್ಡ ಟೂರ್ನಿ ಆಡದೆ. ಕ್ಲಬ್ ಚಾಂಪಿಯನ್‌ಷಿಪ್ ಕೂಡ 2019ರ ಬಳಿಕ ನಿಂತಿತು. ಇದಕ್ಕೆ ಇರಾನ್‌ನ ಸ್ವಂತ ತೊಡಕುಗಳೂ ಸೇರುತ್ತವೆ: ಆರ್ಥಿಕ ದಿಗ್ಬಂಧನ, ಹಣ ಕಳಿಸುವ ತರಿಸುವ ಕಷ್ಟ, ವೀಸಾ. ಟೆಹ್ರಾನ್‌ಗೆ ಬಂದು ಸ್ನೇಹಪಂದ್ಯ ಆಡಿ ಎಂದು ದೊಡ್ಡ ತಂಡವೊಂದನ್ನು ಕರೆಯುವುದು ಹೇಳಿದಷ್ಟು ಸಲೀಸಲ್ಲ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಬಿಗಿ ಪಂದ್ಯ ಕೈಕೊಡುವುದು ಇರಾನ್‌ಗೆ ಮಾತ್ರ ಅಲ್ಲ. 2024ರ ವಿಶ್ವಕಪ್‌ನ ಅದೇ 16ರ ಘಟ್ಟದಲ್ಲಿ ಪೋರ್ಚುಗಲ್ ಕಜಾಕಸ್ತಾನಕ್ಕೆ ಸೋತಿತು, ಸ್ಪೇನ್ ವೆನೆಜುವೆಲಾಗೆ ಸೋತಿತು. ಅದೇ ವೆನೆಜುವೆಲಾವನ್ನು ಇರಾನ್ ಗುಂಪಿನಲ್ಲಿ 7-1ರಿಂದ ಬಗ್ಗುಬಡಿದಿತ್ತು! ಫುಟ್ಸಾಲ್ ಅಂದರೆ ಹೀಗೇ, ಒಂದು ಕೆಟ್ಟ ನಿಮಿಷ ಸಾಕು. ಆದರೆ ಪೋರ್ಚುಗಲ್, ಸ್ಪೇನ್ ಬಳಿ ಆ ಕೆಟ್ಟ ನಿಮಿಷಕ್ಕೆ ಎದುರಾಗಿ ಇಡಲು ವಿಶ್ವಕಪ್ ಇದೆ. ಇರಾನ್ ಬಳಿ ಕಂಚು ಮಾತ್ರ ಇದೆ.

ಇತ್ತ ಏಷ್ಯಾವೂ ಬದಲಾಗುತ್ತಿದೆ. ಇರಾನ್‌ಗೆ ಇದು ಒಳ್ಳೆಯ ಸುದ್ದಿ ಎಂದೇ ನನ್ನ ಅಭಿಪ್ರಾಯ. ಜಪಾನ್ 2007ರಲ್ಲಿ ವೃತ್ತಿಪರ ರೀತಿಯ ಲೀಗ್ ಕಟ್ಟಿತು, ಸ್ಪೇನ್‌ನಿಂದ ಮಿಗೆಲ್ ರೊಡ್ರಿಗೊ ಅವರನ್ನು ಕೋಚ್ ಆಗಿ ಕರೆತಂದಿತು. ಅವರ ಕಾಲದಲ್ಲಿ 2012, 2014ರ ಏಷ್ಯಾ ಕಪ್‌ಗಳು ಜಪಾನ್‌ಗೆ ಬಂದವು. ಎರಡನೆಯದು ಫೈನಲ್‌ನಲ್ಲಿ ಇರಾನ್ ವಿರುದ್ಧ, ಪೆನಾಲ್ಟಿಯಲ್ಲಿ. 2022ರಲ್ಲಿ ಕುವೈತ್‌ನಲ್ಲಿ ಮತ್ತೆ ಇವರಿಬ್ಬರದೇ ಫೈನಲ್. ಇರಾನ್ 2-3 ಸೋತಿತು. ಅಲ್ಲೂ ಒಂದೇ ಗೋಲು! ಆಗ ಇರಾನ್ ಕೋಚ್ ಯಾರು? ಅದೇ 390 ಗೋಲಿನ ಶಮ್ಸಾಯಿ. ಎರಡು ವರ್ಷದ ನಂತರ ಬ್ಯಾಂಕಾಕ್‌ನಲ್ಲಿ ಥಾಯ್ಲೆಂಡ್‌ನ್ನು 4-1ರಿಂದ ಸೋಲಿಸಿ ಕಪ್ ಮರಳಿ ತಂದರು. ಆದರೆ ಆ ಟೂರ್ನಿಯಲ್ಲಿ ಜಪಾನ್ ಗುಂಪಿನಲ್ಲೇ ಹೊರಬಿದ್ದಿತ್ತು. 2024ರ ವಿಶ್ವಕಪ್‌ಗೂ ಅದಕ್ಕೆ ಜಾಗ ಸಿಗಲಿಲ್ಲ. ಹಳೆಯ ಚಾಂಪಿಯನ್‌ನನ್ನು ಗುಂಪಿನಲ್ಲೇ ಕೆಡವುವಷ್ಟು ಉಳಿದವರು ಬೆಳೆದಿದ್ದಾರೆ.

ಅಫ್ಘಾನಿಸ್ತಾನವನ್ನೇ ನೋಡಿ. 2024ರಲ್ಲಿ ಮೊದಲ ಸಲ ಏಷ್ಯಾ ಕಪ್ ಆಡಿತು, ಪ್ಲೇಆಫ್ ಗೆದ್ದು ಅದೇ ವರ್ಷ ವಿಶ್ವಕಪ್‌ಗೂ ಹೋಯಿತು. ಅಲ್ಲಿ ಅಂಗೋಲಾವನ್ನು ಸೋಲಿಸಿ 16ರ ಘಟ್ಟ ತಲುಪಿತು. ಆ ತಂಡದ ಕೋಚ್ ಮಜೀದ್ ಮೊರ್ತಜಾಯಿ ಇರಾನ್‌ನವರು. ಆಟಗಾರರಲ್ಲಿ ಹಲವರು ಇರಾನ್‌ನಲ್ಲಿ ಬೆಳೆದವರು ಅಥವಾ ಅಲ್ಲಿನ ಕ್ಲಬ್‌ಗಳಲ್ಲಿ ಪಳಗಿದವರು. ಇರಾನ್ ತನಗೆ ಬೇಕಾದ ಎದುರಾಳಿಯನ್ನು ತಾನೇ ತಯಾರು ಮಾಡುತ್ತಿದೆ ಅನ್ನಬಹುದು, ಬೇಕೆಂದು ಮಾಡಿದ್ದಲ್ಲದಿದ್ದರೂ.

ಈ ಏಣಿಯ ಕೆಳಗಿನ ಮೆಟ್ಟಿಲಲ್ಲಿ ನಾವಿದ್ದೇವೆ. 2016ರಲ್ಲಿ ಪ್ರೀಮಿಯರ್ ಫುಟ್ಸಾಲ್ ಎಂಬ ಖಾಸಗಿ ಲೀಗ್ ಬಂದಿದ್ದು ಕೆಲವರಿಗೆ ನೆನಪಿರಬಹುದು. ಗೋವಾ ತಂಡಕ್ಕೆ ಬ್ರೆಜಿಲ್‌ನ ಫುಟ್‌ಬಾಲ್ ತಾರೆ ರೊನಾಲ್ಡಿನೊ, ಬೆಂಗಳೂರು ತಂಡಕ್ಕೆ ಇಂಗ್ಲೆಂಡ್‌ನ ಪಾಲ್ ಸ್ಕೋಲ್ಸ್. ಬೆಂಗಳೂರಿನ ಮೇಲೆ ರೊನಾಲ್ಡಿನೊ ಒಬ್ಬರೇ ಐದು ಗೋಲು ಹೊಡೆದರು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಆ ಲೀಗನ್ನು ಮಾನ್ಯ ಮಾಡಲಿಲ್ಲ, ಎರಡು ಸೀಸನ್‌ಗೆ ಅದು ನಿಂತಿತು. ಒಕ್ಕೂಟದ್ದೇ ಕ್ಲಬ್ ಚಾಂಪಿಯನ್‌ಷಿಪ್ ಶುರುವಾಗಿದ್ದು 2021ರಲ್ಲಿ. ರಾಷ್ಟ್ರೀಯ ತಂಡ ಕಣಕ್ಕಿಳಿದಿದ್ದು 2023ರಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಕುವೈತ್‌ನಲ್ಲಿ ನಡೆದ ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ ಮಂಗೋಲಿಯಾವನ್ನು 3-0ರಿಂದ ಸೋಲಿಸಿದ್ದು ಭಾರತದ ಮೊದಲ ಗೆಲುವು.

ಬೆಂಗಳೂರಿನಲ್ಲಿ ಬಡಾವಣೆಗೊಂದು ಟರ್ಫ್ ಇದೆ, ರಾತ್ರಿ ಹನ್ನೊಂದಕ್ಕೂ ಬುಕಿಂಗ್ ಸಿಗುವುದಿಲ್ಲ. ಹಾಗಾದರೆ ಆಟಗಾರರು ಯಾಕೆ ಬರುತ್ತಿಲ್ಲ? ಟರ್ಫ್ ಮೇಲೆ ಆಡುವುದು ಫುಟ್ಸಾಲ್ ಅಲ್ಲ, ಅದಕ್ಕೆ. ಅಲ್ಲಿರುವುದು ಪ್ಲಾಸ್ಟಿಕ್ ಹುಲ್ಲು, ಮಾಮೂಲಿ ಚೆಂಡು, ಸುತ್ತ ಬಲೆ. ಅಂಗಾಲಿನಿಂದ ಚೆಂಡು ಎಳೆಯುವುದು, ನಾಲ್ಕು ಸೆಕೆಂಡಿನ ಅವಸರ, ಫೌಲ್ ಲೆಕ್ಕ ಯಾವುದೂ ಇಲ್ಲ. ಬೇಕಿರುವುದು ಮರದ ಅಥವಾ ಗಟ್ಟಿ ನೆಲದ ಒಳಾಂಗಣ. ನಮ್ಮ ಒಳಾಂಗಣ ಕ್ರೀಡಾಂಗಣಗಳು ಬ್ಯಾಡ್ಮಿಂಟನ್, ಬ್ಯಾಸ್ಕೆಟ್‌ಬಾಲ್‌ಗೇ ಸಾಲುವುದಿಲ್ಲ.

ಇರಾನ್‌ನಲ್ಲಿ ಈ ಹಾಲ್‌ಗಳಿಂದಲೇ ಇನ್ನೊಂದು ತಂಡ ಹುಟ್ಟಿತು, ಅದನ್ನು ಬಿಟ್ಟರೆ ಲೆಕ್ಕ ಪೂರ್ತಿಯಾಗದು. 1979ರ ಕ್ರಾಂತಿಯ ನಂತರ ಹೆಂಗಸರ ಫುಟ್‌ಬಾಲ್ ನಿಂತೇಹೋಗಿತ್ತು. ತೊಂಬತ್ತರ ದಶಕದಲ್ಲಿ ಅದು ಮರಳಿದ್ದು ಫುಟ್ಸಾಲ್ ರೂಪದಲ್ಲಿ. ಕಾರಣ ಸರಳ. ಹಾಲ್‌ನ ಬಾಗಿಲು ಮುಚ್ಚಿದರೆ ಗಂಡಸರು ನೋಡುವಂತಿಲ್ಲ. ಕಟ್ಟುಪಾಡಿನ ಸಂದಿಯಲ್ಲಿ ಬೆಳೆದ ಆ ತಂಡ 2015ರಲ್ಲಿ ಮಲೇಷ್ಯಾದಲ್ಲಿ ನಡೆದ ಮೊದಲ ಮಹಿಳಾ ಏಷ್ಯಾ ಚಾಂಪಿಯನ್‌ಷಿಪ್ ಗೆದ್ದಿತು, ಫೈನಲ್‌ನಲ್ಲಿ ಜಪಾನ್ ಮೇಲೆ 1-0. ಆ ಟೂರ್ನಿಗೆ ನಾಯಕಿ ನೀಲೂಫರ್ ಅರ್ದಲಾನ್ ಹೋಗಲಿಲ್ಲ. ಪಾಸ್‌ಪೋರ್ಟ್ ನವೀಕರಣಕ್ಕೆ ಗಂಡ ಒಪ್ಪಿಗೆ ಕೊಡಲಿಲ್ಲ, ಕಾನೂನಿನ ಪ್ರಕಾರ ಒಪ್ಪಿಗೆ ಬೇಕಿತ್ತು. ಅದೇ ವರ್ಷದ ಕೊನೆಗೆ ಗ್ವಾಟೆಮಾಲಾದ ಟೂರ್ನಿಗೆ ನ್ಯಾಯಾಂಗದ ಅನುಮತಿಯಿಂದ ಹೋದರು. 2018ರಲ್ಲಿ ತಂಡ ಮತ್ತೆ ಗೆದ್ದಿತು, ಮತ್ತೆ ಜಪಾನ್ ಮೇಲೆ, 5-2.

ಆಮೇಲೆ ಮಹಿಳೆಯರಿಗೆ ಏಳು ವರ್ಷ ಏಷ್ಯಾ ಕಪ್ಪೇ ನಡೆಯಲಿಲ್ಲ. 2025ರ ಮೇ ತಿಂಗಳಲ್ಲಿ ಚೀನಾದ ಹೋಹೊಟ್‌ನಲ್ಲಿ ನಡೆದಾಗ ಅದರ ಜೊತೆ ಫಿಲಿಪ್ಪೀನ್ಸ್‌ನ ಮೊದಲ ಮಹಿಳಾ ವಿಶ್ವಕಪ್‌ನ ಟಿಕೆಟ್‌ಗಳೂ ಇದ್ದವು. ಮೂರನೇ ಸ್ಥಾನ ಪಡೆದ ಇರಾನ್‌ಗೆ ಟಿಕೆಟ್ ಸಿಕ್ಕಿತು. ಕಪ್ ಮಾತ್ರ ಈ ಸಲ ಜಪಾನ್‌ಗೆ ಹೋಯಿತು.